ಗಂಗಾವತಿಯಿಂದ ಸಾಣಾಪುರಕ್ಕೆ: ಒಬ್ಬರೇ, ನಿಧಾನವಾಗಿ, ಸೈಕಲ್ಲಿನ ಮೇಲೆ

ಗಂಗಾವತಿಯಿಂದ ಆನೆಗೊಂದಿ, ಹನುಮನಹಳ್ಳಿಗಳ ಮೂಲಕ ಸಾಣಾಪುರದ ಕೆರೆಯನ್ನು ಮುಟ್ಟಿ ಅದೇ ದಾರಿಯಲ್ಲಿ ಹಿಂತಿರುಗಿದರೆ ಒಟ್ಟು ಸುಮಾರು 40 ಕಿಲೋಮೀಟರ್ ಆಗುತ್ತದೆ. ಬೈಕಿನವರು ಇದನ್ನು ಒಂದು ಗಂಟೆಯಲ್ಲಿ ಮುಗಿಸುತ್ತಾರೆ, ಪಂದ್ಯಕ್ಕೆ ಅಭ್ಯಾಸ ಮಾಡುವ ಸೈಕಲ್ ಸವಾರರು ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾರೆ. ಈ ಬರಹವಿರುವುದು ಅದೇ ದಾರಿಗೆ ನಾಲ್ಕೂವರೆ ಗಂಟೆ ಕೊಡಲು ಸಿದ್ಧರಿರುವವರಿಗಾಗಿ, ಅದರಲ್ಲಿಯೂ ಜೊತೆಗೆ ಯಾರನ್ನೂ ಕರೆದುಕೊಳ್ಳದೆ ಒಬ್ಬರೇ ಹೊರಡುವವರಿಗಾಗಿ. ನಿಧಾನವಾಗಿ ಹೋಗುವುದಕ್ಕೆ ಸಿದ್ಧತೆ ಯಾಕೆ ಬೇಕು ಎಂದು ಅನೇಕರು ನಗುತ್ತಾರೆ. ನನ್ನ ಅನುಭವ ಅವರ ಮಾತಿಗೆ ವಿರುದ್ಧವಾಗಿದೆ: ಜೋರಾಗಿ ತುಳಿಯುವವನು ಬಿಸಿಲೇರುವ ಮುನ್ನವೇ ಮನೆ ಸೇರಿರುತ್ತಾನೆ, ನಿಧಾನವಾಗಿ ಹೋಗುವವನು ಬಿಸಿಲು, ಗಾಳಿ, ಬಾಯಾರಿಕೆ, ಮುಳ್ಳು ಇವೆಲ್ಲವೂ ಬಂದು ಭೇಟಿಯಾಗುವಷ್ಟು ಹೊತ್ತು ರಸ್ತೆಯ ಮೇಲಿರುತ್ತಾನೆ. ಗಡಿಬಿಡಿಯನ್ನೆಲ್ಲ ಹಿಂದಿನ ರಾತ್ರಿ ಮನೆಯಲ್ಲಿಯೇ ಮುಗಿಸಿಕೊಂಡವರಿಗೆ ಮಾತ್ರ ದಾರಿಯಲ್ಲಿ ಗಡಿಬಿಡಿಯಿಲ್ಲದೆ ಇರಲು ಸಾಧ್ಯ.

ಕಾಲ, ಗಾಳಿ, ದಿಕ್ಕು

ಈ ದಾರಿಯ ಅಂದವೆಲ್ಲ ತುಂಗಭದ್ರೆಯ ನೀರಿನದು. ಮುನಿರಾಬಾದಿನ ಜಲಾಶಯ 1953ರಲ್ಲಿ ಪೂರ್ಣಗೊಂಡ ಮೇಲೆ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಸುತ್ತಲಿನ ನೆಲವನ್ನು ಭತ್ತದ ಕಣಜವನ್ನಾಗಿಸಿತು; ನದಿಯ ಸಮೀಪದ ಗದ್ದೆಗಳಿಗೆ ಅದಕ್ಕಿಂತ ಬಹಳ ಹಿಂದಿನ, ವಿಜಯನಗರ ಕಾಲದ ಕಾಲುವೆಗಳೂ ಇವೆ, ಅವು ಇಂದಿಗೂ ಹರಿಯುತ್ತವೆ. ಹೀಗಾಗಿ ಸವಾರಿಯ ದಿನವನ್ನು ಗೊತ್ತುಮಾಡುವವರು ಪಂಚಾಂಗವನ್ನೋ ರಜೆಯ ಪಟ್ಟಿಯನ್ನೋ ನೋಡುವುದಕ್ಕಿಂತ ಕಾಲುವೆಗೆ ನೀರು ಬಿಟ್ಟಿದ್ದಾರೆಯೇ, ಬೆಳೆ ಯಾವ ಹಂತದಲ್ಲಿದೆ ಎಂಬುದನ್ನು ನೋಡುವುದು ಒಳ್ಳೆಯದು. ಸಾಮಾನ್ಯವಾಗಿ ಜುಲೈನಲ್ಲಿ ನೀರು ಬರುತ್ತದೆ, ಆಗಸ್ಟ್ ಮುಗಿಯುವ ವೇಳೆಗೆ ನಾಟಿ ಮುಗಿದಿರುತ್ತದೆ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ರಸ್ತೆಯ ಎರಡೂ ಬದಿ ಹಸಿರು ತುಂಬಿ, ಅದರ ಹಿಂದೆ ಬಂಡೆಗಳ ಗುಡ್ಡಗಳು ನಿಂತಿರುತ್ತವೆ. ನವೆಂಬರ್ ನಡುವಿನಿಂದ ಕೊಯ್ಲು ಆರಂಭವಾಗುತ್ತದೆ. ಡಿಸೆಂಬರ್, ಜನವರಿ ಮತ್ತು ಫೆಬ್ರುವರಿಯ ಮೊದಲ ಭಾಗ ಹವೆಯ ದೃಷ್ಟಿಯಿಂದ ಅತ್ಯುತ್ತಮ. ಮಾರ್ಚ್ ನಡುವಿನ ನಂತರ ನಿಧಾನದ ಸವಾರಿ ಹಿತವಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ನಮ್ಮಲ್ಲಿ ವಿಶೇಷವೇನಲ್ಲ, ಅಂಥ ದಿನಗಳಲ್ಲಿ ಹತ್ತು ಗಂಟೆಯಾದರೆ ಸಾಕು, ಗುಡ್ಡದ ಬಂಡೆಗಳೇ ಕಾದ ಹಂಚಿನಂತೆ ಶಾಖ ಉಗುಳುತ್ತವೆ.

ಬಿಸಿಲಿನ ವಿಷಯ ಎಲ್ಲರಿಗೂ ತಿಳಿದಿದೆ. ಗಾಳಿಯ ವಿಷಯವನ್ನು ಹೊಸಬರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಬಯಲಿನ ಮೇಲೆ ಬೀಸುವುದು ಪಶ್ಚಿಮ ಮತ್ತು ನೈಋತ್ಯದ ಗಾಳಿ. ಮಳೆ ಅದರೊಂದಿಗೆ ಬಂದೀತು, ಬಾರದಿದ್ದೀತು, ಗಾಳಿಯಂತೂ ತಪ್ಪದು. ಗುಡ್ಡ ಏರುವವರಿಗೆ ತುದಿಯೊಂದು ಕಾಣುತ್ತದೆ, ಅಲ್ಲಿಗೆ ಕಷ್ಟ ಮುಗಿಯುತ್ತದೆ ಎಂಬ ಧೈರ್ಯವಿರುತ್ತದೆ. ಎದುರುಗಾಳಿಗೆ ತುದಿಯೇ ಇಲ್ಲ. ಆದ್ದರಿಂದ ಒಂದು ನಿಯಮವನ್ನು ಬಿಡದೆ ಪಾಲಿಸಬೇಕು: ಮೈಯಲ್ಲಿ ಕಸುವಿರುವ ಬೆಳಗಿನ ಹೊತ್ತಿನಲ್ಲಿ ಗಾಳಿಗೆ ಎದುರಾಗಿ ಹೋಗಬೇಕು, ದಣಿದು ಹಿಂತಿರುಗುವಾಗ ಗಾಳಿ ಬೆನ್ನಿಗಿರಬೇಕು. ಗಂಗಾವತಿಯಿಂದ ಆನೆಗೊಂದಿಯ ಕಡೆಗೆ ಹೋಗುವ ರಸ್ತೆ ನೈಋತ್ಯಕ್ಕೆ ಸಾಗುವುದರಿಂದ ಈ ಸವಾರಿಯಲ್ಲಿ ಆ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ಇನ್ನೊಂದು ಅನುಕೂಲವೂ ಇದೆ: ಬೆಳಗಿನ ಸೂರ್ಯ ಹೋಗುವಾಗ ಬೆನ್ನ ಹಿಂದಿರುತ್ತಾನೆ, ಹಿಂತಿರುಗುವ ಹೊತ್ತಿಗೆ ಕಣ್ಣು ಕುಕ್ಕದಷ್ಟು ಮೇಲೇರಿರುತ್ತಾನೆ. ಇದೇ ಸವಾರಿಯನ್ನು ಸಂಜೆ ಮಾಡಿದರೆ ಸೂರ್ಯ ನಿಮ್ಮ ಕಣ್ಣಿಗೂ, ಅದಕ್ಕಿಂತ ಅಪಾಯಕರವಾಗಿ ನಿಮ್ಮ ಹಿಂದಿನಿಂದ ಬರುವ ಟ್ರ್ಯಾಕ್ಟರ್ ಚಾಲಕನ ಕಣ್ಣಿಗೂ ನೇರವಾಗಿ ಬಡಿಯುತ್ತಾನೆ. ಸಂಜೆಯ ಸವಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಎದುರುಗಾಳಿಯಲ್ಲಿ ತುಳಿಯುವ ಕ್ರಮ ಸರಳವಾದರೂ ಅಭಿಮಾನ ಅಡ್ಡ ಬರುತ್ತದೆ. ಒಂದೆರಡು ಗೇರು ಇಳಿಸಬೇಕು, ಕಾಲು ಸುತ್ತುವ ಲಯವನ್ನು ಮಾತ್ರ ಇಳಿಸಬಾರದು. ನಿಮಿಷಕ್ಕೆ 70ರಿಂದ 80 ಸುತ್ತು ತುಳಿಯುತ್ತಿದ್ದರೆ ಮೊಣಕಾಲಿಗೆ ಭಾರ ಬೀಳುವುದಿಲ್ಲ. ಮೊಣಕೈಗಳನ್ನು ಸ್ವಲ್ಪ ಮಡಿಸಿ ಮೈ ತಗ್ಗಿಸಬೇಕು. ವೇಗ ತೋರಿಸುವ ಯಂತ್ರ ಹ್ಯಾಂಡಲಿನ ಮೇಲಿದ್ದರೆ ಆ ಹೊತ್ತಿನಲ್ಲಿ ಅದರ ಮೇಲೆ ಕರವಸ್ತ್ರ ಹಾಕಿದರೂ ತಪ್ಪಿಲ್ಲ. ಅಡ್ಡಗಾಳಿಯಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ಬಸ್ಸೊಂದು ಪಕ್ಕದಲ್ಲಿ ದಾಟುವಾಗ ಕ್ಷಣಕಾಲ ಗಾಳಿಯನ್ನು ತಡೆದು, ದಾಟಿದೊಡನೆ ಗಾಳಿ ಒಮ್ಮೆಲೆ ನುಗ್ಗುವುದರಿಂದ ಸೈಕಲ್ಲು ಒಂದು ಮೊಳ ಪಕ್ಕಕ್ಕೆ ಸರಿಯುತ್ತದೆ. ಆ ಮೊಳದಷ್ಟು ಜಾಗ ನಿಮ್ಮ ಬದಿಗೆ ಇರಬೇಕು.

ದಿನದ ಬಗ್ಗೆ ಇನ್ನೊಂದು ಮಾತು. ದಾರಿಯಲ್ಲಿ ಸಿಗುವ, ಹನುಮನ ಗುಡಿಯಿರುವ ಅಂಜನಾದ್ರಿ ಬೆಟ್ಟಕ್ಕೆ ಶನಿವಾರ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ವಾಹನಗಳ ಸಾಲು ಬರುತ್ತದೆ. ಡಿಸೆಂಬರ್ ವೇಳೆಗೆ ಹನುಮಮಾಲೆ ಧರಿಸಿದ ಭಕ್ತರು ಮಾಲೆ ವಿಸರ್ಜನೆಗೆ ಬರುವ ದಿನಗಳಲ್ಲಿ ಈ ಇಕ್ಕಟ್ಟಾದ ರಸ್ತೆಯಲ್ಲಿ ಸೈಕಲ್ಲಿಗೆ ಜಾಗವೇ ಉಳಿಯುವುದಿಲ್ಲ. ಬುಧವಾರ ಅಥವಾ ಗುರುವಾರ ರಜೆ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಸೈಕಲ್ಲು ಮತ್ತು ಬಳ್ಳಾರಿ ಜಾಲಿ

ಇಂಥದೇ ಸೈಕಲ್ಲು ಬೇಕೆಂದಿಲ್ಲ. ಅಪ್ಪನ ಕಾಲದ ಗೇರಿಲ್ಲದ ಕರಿ ಸೈಕಲ್ಲಿನಲ್ಲಿ ಈ ದಾರಿಯನ್ನು ಸುಖವಾಗಿ ಮುಗಿಸಬಹುದು, ಏಕೆಂದರೆ ಸಾಣಾಪುರದ ಹತ್ತಿರದ ಕೆಲವು ಚಿಕ್ಕ ಏರಿಳಿತಗಳನ್ನು ಬಿಟ್ಟರೆ ಬಹುಪಾಲು ಸಮತಟ್ಟು. ಗೇರಿನ ರೋಡ್ ಸೈಕಲ್ಲಿದ್ದವರು 25 ಮಿಲಿಮೀಟರಿನ ಸಪೂರ ಟೈರುಗಳನ್ನು ತೆಗೆದು 28 ಅಥವಾ 32ರದು ಹಾಕಿಸಿಕೊಳ್ಳುವುದು ಲೇಸು. ಸುಮಾರು 65–70 ಕಿಲೋ ತೂಕದವರಿಗೆ 28ರ ಟೈರಿನಲ್ಲಿ 70–75 ಪಿಎಸ್‌ಐ, 32ರಲ್ಲಿ 55–60 ಪಿಎಸ್‌ಐ ಗಾಳಿ ಸಾಕು. ಕಲ್ಲಿನಂತೆ ಗಟ್ಟಿಯಾಗಿ ತುಂಬಿದರೆ ವೇಗ ಬರುತ್ತದೆಂಬುದು ನುಣುಪು ರಸ್ತೆಯ ಮಾತು, ತೇಪೆ ಹಾಕಿದ ನಮ್ಮ ರಸ್ತೆಯಲ್ಲಿ ಬರುವುದು ಬೆನ್ನುನೋವು. ಸೀಟಿನ ಎತ್ತರವನ್ನು ನೋಡಲು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಮಡಿಸಿದಂತೆ ಉಳಿಯುತ್ತದೆ. ಬ್ರೇಕು, ಚೈನಿಗೆ ಎಣ್ಣೆ, ಹಿಂದಿನ ಕೆಂಪು ದೀಪ, ಗಂಟೆ, ಇವನ್ನು ಹಿಂದಿನ ರಾತ್ರಿ ನೋಡಿಕೊಂಡರೆ ಸಾಕು.

ಮುಳ್ಳಿನ ವಿಷಯವನ್ನು ಇಷ್ಟು ಬೇಗ ಮುಗಿಸಲಾಗದು. ನಮ್ಮ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಹೊರನಾಡಿನಿಂದ ಬಂದ ಗಿಡ, ಈಗ ಕಾಲುವೆಯ ಏರಿ, ರಸ್ತೆಯ ಅಂಚು, ಪಾಳುಬಿದ್ದ ಹೊಲ ಎಲ್ಲೆಡೆ ಅದರದೇ ಆಳ್ವಿಕೆ. ಸೌದೆಗೂ ಬೇಲಿಗೂ ಅದನ್ನು ಕಡಿದು ಸಾಗಿಸುವಾಗ ಉದುರಿದ ರೆಂಬೆಗಳು ಡಾಂಬರಿನ ಅಂಚಿನಲ್ಲಿ ಬಿದ್ದಿರುತ್ತವೆ, ಅದರ ಒಣಗಿದ ಮುಳ್ಳು ಚಪ್ಪಲಿಯ ಅಟ್ಟೆಯನ್ನೇ ತೂರಿ ಪಾದಕ್ಕೆ ಇಳಿಯುವಂಥದು. ಮಳೆಗಾಲ ಮುಗಿದ ಮೇಲೆ ರಸ್ತೆಯ ಪಕ್ಕದ ಮಣ್ಣಿನಲ್ಲಿ ನೆಗ್ಗಿಲ ಮುಳ್ಳು ಸೇರಿಕೊಳ್ಳುತ್ತದೆ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ ನಿಲ್ಲುವಂತೆ ಅದರ ಆಕಾರವಿದೆ. ಆದ್ದರಿಂದ ಡಾಂಬರಿನ ಅಂಚಿನಿಂದ ಕನಿಷ್ಠ ಒಂದು ಮೊಳ ಒಳಗೆ ಸೈಕಲ್ಲು ಓಡಿಸಬೇಕು, ಎದುರಿಗೆ ದೊಡ್ಡ ವಾಹನ ಬಂದಾಗಲೂ ಗಾಬರಿಯಿಂದ ಮಣ್ಣಿಗೆ ಇಳಿಯದೆ ಸಾಧ್ಯವಾದಷ್ಟು ಡಾಂಬರಿನ ಮೇಲೆಯೇ ನಿಲ್ಲಬೇಕು, ಇಳಿಯಲೇಬೇಕಾದರೆ ಸೈಕಲ್ಲನ್ನು ಎತ್ತಿ ಇಡಬೇಕು. ಫೋಟೋ ತೆಗೆಯಲೆಂದು ಗದ್ದೆಯ ಬದುವಿನವರೆಗೆ ಸೈಕಲ್ಲನ್ನು ತಳ್ಳಿಕೊಂಡು ಹೋಗುವವರಿಗೆ ಪಂಕ್ಚರ್ ಖಚಿತ.

ಎರಡು ವರ್ಷಗಳ ಹಿಂದೆ ನಾನು ಹೊಸ ಟ್ಯೂಬೊಂದನ್ನು ಚೀಲದಲ್ಲಿಟ್ಟುಕೊಂಡು ಧೈರ್ಯದಿಂದ ಹೊರಟಿದ್ದೆ. ಹನುಮನಹಳ್ಳಿಯ ಹತ್ತಿರ ಹಿಂದಿನ ಚಕ್ರ ಕುಳಿತಿತು, ಟ್ಯೂಬು ಬದಲಾಯಿಸಿದೆ, ಐದು ನಿಮಿಷದಲ್ಲಿ ಅದೂ ಕುಳಿತಿತು. ಮೊದಲ ಟ್ಯೂಬನ್ನು ಚುಚ್ಚಿದ ಮುಳ್ಳು ಟೈರಿನೊಳಗೇ ಮುರಿದು ಉಳಿದಿತ್ತು, ನಾನು ಅದನ್ನು ಹುಡುಕುವ ಗೋಜಿಗೆ ಹೋಗಿರಲಿಲ್ಲ. ಸಮೀಪದ ಅಂಗಡಿಯವರ ಪಂಪು ನನ್ನ ಸಪೂರ ವಾಲ್ವಿಗೆ ಹೊಂದಲಿಲ್ಲ. ಕೊನೆಗೆ ಟಂಟಂ ಗಾಡಿಯಲ್ಲಿ ಕುರಿಮರಿಯೊಂದರ ಪಕ್ಕ ಕುಳಿತು ಊರಿಗೆ ಬಂದೆ. ಆ ದಿನದಿಂದ ನನ್ನ ಚೀಲದಲ್ಲಿ ಎರಡು ಟ್ಯೂಬು, ತೇಪೆಯ ಪೊಟ್ಟಣ, ಪ್ಲಾಸ್ಟಿಕ್ಕಿನ ಎರಡು ಟೈರ್ ಸನಿಕೆ, ಕೈಪಂಪು, ಚಿಮಟ ಇರುತ್ತವೆ; ಇವುಗಳ ಜೊತೆ, ಸಪೂರ ಪ್ರೆಸ್ಟಾ ವಾಲ್ವಿಗೆ ತಿರುಗಿಸಿ ಹಾಕಿದರೆ ಬೈಕಿನ ಪಂಪಿಗೂ ಹೊಂದುವ ಹಿತ್ತಾಳೆಯ ಚಿಕ್ಕ ಅಡಾಪ್ಟರೂ ಇರುತ್ತದೆ. ಅದರ ಬೆಲೆ ಒಂದು ಊಟಕ್ಕಿಂತ ಕಡಿಮೆ, ಅದಿದ್ದರೆ ಹಳ್ಳಿಯ ಯಾವ ಪಂಕ್ಚರ್ ಅಂಗಡಿಯೂ ನಿಮ್ಮದೇ.

ಟ್ಯೂಬು ಬದಲಾಯಿಸುವ ಕ್ರಮ ಹೀಗಿದೆ. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು ಚಕ್ರವನ್ನು ಬಿಚ್ಚಬೇಕು. ಉಳಿದ ಗಾಳಿಯನ್ನು ಪೂರ್ತಿ ತೆಗೆದು, ವಾಲ್ವಿನ ಎದುರು ಬದಿಯಿಂದ ಟೈರಿನ ಒಂದು ಅಂಚನ್ನು ಸನಿಕೆಯಿಂದ ಎಬ್ಬಿಸಿ ಟ್ಯೂಬನ್ನು ಹೊರತೆಗೆಯಬೇಕು. ತೆಗೆದ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ತೂತು ಎಲ್ಲಿದೆಯೆಂದು ಕೆನ್ನೆಯ ಬಳಿ ಹಿಡಿದು ನೋಡಬೇಕು, ಬಳಿಕ ಟ್ಯೂಬನ್ನು ಟೈರಿನ ಪಕ್ಕದಲ್ಲಿ ವಾಲ್ವಿಗೆ ವಾಲ್ವಿನ ಜಾಗ ಹೊಂದುವಂತೆ ಹಿಡಿದರೆ ಮುಳ್ಳು ಇರುವ ಸ್ಥಳ ತಾನಾಗಿಯೇ ತಿಳಿಯುತ್ತದೆ. ಅಲ್ಲಿಗೆ ನಿಲ್ಲದೆ ಟೈರಿನ ಒಳಮೈಯನ್ನು ಪೂರ್ತಿ ಒಂದು ಸುತ್ತು ಹತ್ತಿಬಟ್ಟೆಯಿಂದ ಸವರಬೇಕು. ಬೆರಳಿಗೆ ಸಿಗದ ಮೊನೆ ಬಟ್ಟೆಯ ಎಳೆಗೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ. ಮುಳ್ಳನ್ನು ಚಿಮಟದಿಂದ ಎಳೆದು ತೆಗೆದ ಮೇಲೆ ಹೊಸ ಟ್ಯೂಬಿಗೆ ಅದರ ಆಕಾರ ಬರುವಷ್ಟೇ ಗಾಳಿ ತುಂಬಿ ಕೂರಿಸಬೇಕು, ಟೈರಿನ ಅಂಚನ್ನು ಎರಡೂ ಹೆಬ್ಬೆರಳಿನಿಂದ ಒಳಗೆ ತಳ್ಳುತ್ತ ಬಂದು ವಾಲ್ವಿನ ಹತ್ತಿರ ಮುಗಿಸಬೇಕು. ಕೊನೆಯ ಗೇಣಿನಷ್ಟು ಭಾಗ ಬಿಗಿಯಾಗಿರುತ್ತದೆ, ಅಲ್ಲಿ ಸನಿಕೆ ಬಳಸಿದರೆ ಹೊಸ ಟ್ಯೂಬನ್ನೇ ಕಚ್ಚುವ ಸಂಭವವಿದೆ. ಪೂರ್ತಿ ಗಾಳಿ ತುಂಬುವ ಮುನ್ನ ಟ್ಯೂಬು ಎಲ್ಲಿಯೂ ಅಂಚಿನ ಕೆಳಗೆ ಸಿಕ್ಕಿಕೊಂಡಿಲ್ಲವೆಂದು ಎರಡೂ ಬದಿ ನೋಡಬೇಕು. ಕೈಪಂಪಿನಲ್ಲಿ ಇನ್ನೂರು ಮುನ್ನೂರು ಬಾರಿ ಒತ್ತಬೇಕಾದೀತು, ಹೀಗಾಗಿ ಈ ಕೆಲಸಕ್ಕೆ ಮೊದಲು ನೆರಳು ಹುಡುಕಿಕೊಳ್ಳಿ. ಟ್ಯೂಬಿಲ್ಲದ ಟೈರಿಗೆ, ತೂತನ್ನು ತಾನಾಗಿಯೇ ಮುಚ್ಚುವ ದ್ರವ ಹಾಕಿಸಿಕೊಂಡವರಿಗೆ ಈ ಪಾಡಿಲ್ಲ, ಆದರೆ ನಮ್ಮ ಸೆಖೆಗೆ ಆ ದ್ರವ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕಾಗುತ್ತದೆ.

ನೀರು ಮತ್ತು ತಿಂಡಿ

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕಾಗುತ್ತದೆ. ಮುಕ್ಕಾಲು ಲೀಟರಿನ ಎರಡು ಬಾಟಲಿ ಒಯ್ದು ದಾರಿಯಲ್ಲಿ ಒಮ್ಮೆ ತುಂಬಿಸಿಕೊಳ್ಳಬಹುದು. ಕೊಪ್ಪಳ, ರಾಯಚೂರು ಸೀಮೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಆದ್ದರಿಂದ ಕೊಳವೆಬಾವಿಯ ನಲ್ಲಿಗಿಂತ ಊರಿನ ಶುದ್ಧ ಕುಡಿಯುವ ನೀರಿನ ಘಟಕವನ್ನು ಕೇಳಿಕೊಂಡು ಹೋಗುವುದು ಮೇಲು. ನಾಣ್ಯ ಹಾಕಿ ಕೊಡ ತುಂಬಿಸುತ್ತಿರುವವರು ಸೈಕಲ್ಲಿನವನ ಬಾಟಲಿಗೆ ಇಲ್ಲವೆನ್ನುವುದನ್ನು ನಾನು ಕಂಡಿಲ್ಲ. ಎರಡನೆಯ ಬಾಟಲಿಯಲ್ಲಿ ಮನೆಯಲ್ಲಿಯೇ ಮಾಡಿದ ಉಪ್ಪು ಸಕ್ಕರೆಯ ನೀರಿರಲಿ: ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದು ನಿಂಬೆಹಣ್ಣು ಹಿಂಡಿದರೆ ಕುಡಿಯಲು ಮನಸ್ಸಾಗುತ್ತದೆ. ಬಾಯಾರುವ ತನಕ ಕಾಯದೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯುತ್ತಿರಬೇಕು. ಬಿಸಿಲಿನಲ್ಲಿದ್ದೂ ಚಳಿಯಾದಂತೆ ಮೈ ಜುಮ್ಮೆಂದರೆ, ತಲೆ ಸುತ್ತಿದರೆ, ಬೆವರು ನಿಂತರೆ ಸವಾರಿ ಅಲ್ಲಿಗೆ ಮುಗಿಯಿತೆಂದು ತಿಳಿದು ನೆರಳಿನಲ್ಲಿ ಕುಳಿತು ತಲೆಗೂ ಕುತ್ತಿಗೆಗೂ ನೀರು ಸುರಿದುಕೊಂಡು ಸಹಾಯ ಕರೆಯಬೇಕು.

ತಿಂಡಿಗೆ ಆನೆಗೊಂದಿಯಲ್ಲಿ ನಿಲ್ಲಬಹುದು. ನಮ್ಮ ಕಡೆಯ ಬೆಳಗೆಂದರೆ ಒಗ್ಗರಣೆ ಮತ್ತು ಮಿರ್ಚಿ. ನೆನೆಸಿದ ಮಂಡಕ್ಕಿಯ ಒಗ್ಗರಣೆ ಹೊಟ್ಟೆಗೆ ಹಗುರ, ಸವಾರನಿಗೆ ತಕ್ಕ ಆಹಾರ. ಮಿರ್ಚಿಯ ವಿಷಯದಲ್ಲಿ ಸಂಯಮವಿರಲಿ, ಎರಡಕ್ಕೆ ನಿಲ್ಲಿಸಬೇಕು ಎಂದು ನಾನು ಪ್ರತಿ ಸಲವೂ ನಿರ್ಧರಿಸುತ್ತೇನೆ. ಜೇಬಿನಲ್ಲಿ ಶೇಂಗಾ ಚಿಕ್ಕಿ ಅಥವಾ ಬೆಲ್ಲದ ಅಚ್ಚು ಇದ್ದರೆ ಮರಳುವ ದಾರಿಯ ಕೊನೆಯ ಹತ್ತು ಕಿಲೋಮೀಟರಿಗೆ ಒದಗುತ್ತದೆ.

ದಾರಿ

ಚಳಿಗಾಲದಲ್ಲಿ ಸೂರ್ಯೋದಯ ಆರೂಮುಕ್ಕಾಲರ ಆಸುಪಾಸಿನಲ್ಲಾಗುತ್ತದೆ. ಆರೂವರೆಗೆ ದೀಪ ಹಾಕಿಕೊಂಡು ಹೊರಟರೆ ಊರಿನ ಅಕ್ಕಿ ಗಿರಣಿಗಳನ್ನೂ ಲಾರಿಗಳ ಗದ್ದಲವನ್ನೂ ದಾಟುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಮೊದಲ ಐದು ಕಿಲೋಮೀಟರ್ ಬೇಕೆಂದೇ ನಿಧಾನವಾಗಿ ತುಳಿಯಬೇಕು. ತಂಪಿನಲ್ಲಿ ಕಾಲು ತಾನಾಗಿಯೇ ಓಡುತ್ತದೆ, ಅದಕ್ಕೆ ಅವಕಾಶ ಕೊಟ್ಟವರು ಹನ್ನೊಂದು ಗಂಟೆಗೆ ಪಶ್ಚಾತ್ತಾಪ ಪಡುತ್ತಾರೆ. ಮೂಗಿನಿಂದಲೇ ಉಸಿರಾಡುತ್ತ ಹಾಡೊಂದನ್ನು ಗುನುಗಲು ಸಾಧ್ಯವಾಗುವ ವೇಗ, ಅಂದರೆ ಗಂಟೆಗೆ 14–16 ಕಿಲೋಮೀಟರ್, ಸರಿಯಾದ ವೇಗ.

ಸಂಗಾಪುರ ದಾಟಿದ ಮೇಲೆ ಗದ್ದೆಗಳ ನಡುವಿನ ರಸ್ತೆ ಬರುತ್ತದೆ. ಕೊಯ್ಲಿನ ಕಾಲದಲ್ಲಿ ಅತ್ಯಂತ ಎಚ್ಚರ ಬೇಕಾದ ಭಾಗ ಇದೇ. ರೈತರು ಭತ್ತವನ್ನು ಒಣಗಿಸಲು ಡಾಂಬರಿನ ಅರ್ಧ ಭಾಗದ ಮೇಲೆ ಹರವಿ, ವಾಹನಗಳು ಹತ್ತದಂತೆ ಅಂಚಿಗೆ ಕಲ್ಲುಗಳನ್ನು ಇಟ್ಟಿರುತ್ತಾರೆ. ರಾಶಿ ತುಂಬಿಕೊಂಡು ಹೋದ ಮೇಲೂ ಕೆಲವು ಕಲ್ಲುಗಳು, ಚೆಲ್ಲಿದ ಕಾಳುಗಳು ಅಲ್ಲಿಯೇ ಉಳಿಯುತ್ತವೆ. ಭತ್ತದ ಕಾಳಿನ ಮೇಲೆ ಸಪೂರ ಟೈರು ಗುಂಡುಗಳ ಮೇಲೆ ಹೋದಂತೆ ಜಾರುತ್ತದೆ. ಅದರ ಮೇಲೆ ಹೋಗಲೇಬೇಕಾಗಿ ಬಂದರೆ ಮೊದಲೇ ವೇಗ ತಗ್ಗಿಸಿಕೊಂಡು, ಹ್ಯಾಂಡಲನ್ನು ನೇರವಾಗಿ ಹಿಡಿದು, ಬ್ರೇಕು ಮುಟ್ಟದೆ, ತಿರುಗಿಸದೆ ದಾಟಬೇಕು. ಇದನ್ನು ನಾನು ಮೊಣಕೈಯ ಚರ್ಮ ಕೊಟ್ಟು ಕಲಿತಿದ್ದೇನೆ. ಇಲ್ಲವಾದರೆ ಇಳಿದು ತಳ್ಳಿಕೊಂಡು ಹೋಗುವುದು ಉತ್ತಮ, ಬೇರೆಯವರ ವರ್ಷದ ದುಡಿಮೆಯ ಮೇಲೆ ಚಕ್ರ ಹಾಯಿಸುವುದು ಹೇಗೂ ಚೆನ್ನಲ್ಲ. ಟ್ರ್ಯಾಕ್ಟರುಗಳ ವಿಷಯದಲ್ಲಿ ಗಂಟೆ ಬಾರಿಸಿ ಪ್ರಯೋಜನವಿಲ್ಲ. ಅವುಗಳ ಮೇಲಿನ ಸ್ಪೀಕರಿನ ಎದುರು ನಿಮ್ಮ ಗಂಟೆ ಯಾವ ಲೆಕ್ಕಕ್ಕೂ ಇಲ್ಲ. ಹಿಂದಿನ ಟ್ರೇಲರು ತಿರುವಿನಲ್ಲಿ ಒಳಕ್ಕೆ ಸರಿಯುವುದರಿಂದ ಅದರ ಪಕ್ಕದಲ್ಲಿ ಇರಬಾರದು. ಕುರಿಮಂದೆ ಎದುರಾದರೆ ಕಾಲೂರಿ ನಿಂತುಬಿಡುವುದು ಎಲ್ಲಕ್ಕಿಂತ ಬೇಗ ದಾಟುವ ಉಪಾಯ.

ಕಡೇಬಾಗಿಲಿನಿಂದ ಮುಂದೆ ಬಂಡೆಗಳ ಲೋಕ ಆರಂಭವಾಗುತ್ತದೆ. ಹೆಸರೇ ಹೇಳುವಂತೆ ಇದು ಆನೆಗೊಂದಿಯ ಕೋಟೆಯ ಹೊರಬಾಗಿಲು. ಆನೆಗೊಂದಿಯೊಳಗೆ ಗಗನಮಹಲ್ ಮತ್ತು ರಂಗನಾಥ ದೇವಾಲಯದ ಎದುರಿನ ಬಯಲಿನಲ್ಲಿ ಸೈಕಲ್ಲನ್ನು ಒರಗಿಸಿ ತಿಂಡಿ ಮುಗಿಸಿದ ಮೇಲೆ ನದಿಯ ದಂಡೆಯವರೆಗೆ ತಳ್ಳಿಕೊಂಡು ಹೋಗಿ ಬರಬಹುದು. ನಡುಗಡ್ಡೆಯ ನವವೃಂದಾವನಕ್ಕೆ ದೋಣಿಯಲ್ಲಿ ಹೋಗಿಬರಲು ಒಂದು ಗಂಟೆಗೂ ಹೆಚ್ಚು ಬೇಕು, ಪದ್ಮನಾಭತೀರ್ಥರು, ವ್ಯಾಸರಾಜರು ಸೇರಿದಂತೆ ಒಂಬತ್ತು ಯತಿಗಳ ಆ ಸನ್ನಿಧಿಗೆ ಬೆವರಿದ ಅಂಗಿಯಲ್ಲಿ ಅವಸರದಿಂದ ಹೋಗುವ ಬದಲು ಇನ್ನೊಂದು ದಿನ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ದೋಣಿಗಳೂ ನಿಲ್ಲುತ್ತವೆ, ನದಿಯೊಳಗಿನ 64 ಕಂಬಗಳ ಮಂಟಪವೂ ಮುಳುಗುತ್ತದೆ. ಅಂಥ ದಿನ ದಂಡೆಗೆ ಇಳಿಯಬಾರದು.

ಅಂಜನಾದ್ರಿಗೆ 575 ಮೆಟ್ಟಿಲುಗಳಿವೆ. ಏರುವ ಆಸೆಯಿದ್ದರೆ ಹೋಗುವಾಗಲೇ, ತಂಪಿನಲ್ಲಿ ಏರಿಬಿಡಬೇಕು. ಮೇಲಿನಿಂದ ಕಾಣುವ ನದಿ, ಬಾಳೆ ತೋಟ, ಗದ್ದೆ, ಆಚೆ ದಡದ ಹಂಪಿಯ ನೋಟಕ್ಕೆ ಆ ಶ್ರಮ ಸಾರ್ಥಕ. ಆದರೆ ಸೈಕಲ್ಲು ತುಳಿದ ಕಾಲಿಗೆ ಇಳಿಯುವ ಮೆಟ್ಟಿಲುಗಳೇ ಹೆಚ್ಚು ನೋವು ಕೊಡುತ್ತವೆ, ಮರುದಿನ ಕುರ್ಚಿಯಿಂದ ಏಳುವಾಗ ಅದು ತಿಳಿಯುತ್ತದೆ. ಹನುಮನಹಳ್ಳಿ ದಾಟಿದರೆ ಸಾಣಾಪುರದವರೆಗಿನ ಕೆಲವು ಕಿಲೋಮೀಟರ್ ಈ ಇಡೀ ಸವಾರಿಯ ಸಾರ. ಒಂದು ಬದಿಗೆ ಯಾರೋ ಆಡುತ್ತ ಆಡುತ್ತ ಪೇರಿಸಿಟ್ಟು ಮರೆತುಹೋದಂಥ ಗುಂಡುಕಲ್ಲುಗಳ ಗುಡ್ಡ, ಇನ್ನೊಂದು ಬದಿಗೆ ನೀರು ನಿಂತ ಗದ್ದೆಯಲ್ಲಿ ಅದೇ ಗುಡ್ಡದ ತಲೆಕೆಳಗಾದ ರೂಪ. ಇಲ್ಲಿ ವೇಗವನ್ನು ಇನ್ನೂ ತಗ್ಗಿಸಿ, ಬೇಕೆಂದಲ್ಲಿ ನಿಂತು ನೋಡಬೇಕು. ಬೆಳಗ್ಗೆ ಉಳಿಸಿಕೊಂಡ ಸಮಯ ಇದಕ್ಕಾಗಿಯೇ.

ಸಾಣಾಪುರದ ಕೆರೆಯೆಂದು ಎಲ್ಲರೂ ಕರೆಯುವುದು ಎಡದಂಡೆ ಕಾಲುವೆಯ ನೀರನ್ನು ಹಿಡಿದಿಡುವ ಸಮತೋಲನ ಜಲಾಶಯ. ನೀರು ಶಾಂತವಾಗಿ ಕಂಡರೂ ಇದು ಈಜುವ ಸ್ಥಳವಲ್ಲ, ಕೆಳಗಿನ ಹರಿವು ಮತ್ತು ಬಂಡೆಗಳ ಆಳ ಮೇಲಿನಿಂದ ತಿಳಿಯುವುದಿಲ್ಲ, ಪ್ರವಾಸಿಗರು ಜೀವ ಕಳೆದುಕೊಂಡಿದ್ದಾರೆ. ಕಾಲುವೆಗೆ ಇಳಿದು ಮುಖ ತೊಳೆಯುವುದೂ ಬೇಡ. ಇಳಿಜಾರಾದ ಕಾಂಕ್ರೀಟಿನ ಮೇಲೆ ಪಾಚಿಯಿರುತ್ತದೆ, ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಒಬ್ಬರೇ ಇದ್ದಾಗ ಎಳೆದು ತೆಗೆಯುವವರೂ ಇರುವುದಿಲ್ಲ. ನೆರಳಿನಲ್ಲಿ ಅರ್ಧ ಗಂಟೆ ಕುಳಿತು ಒಂಬತ್ತೂವರೆಯೊಳಗೆ ಹೊರಟರೆ ಹನ್ನೊಂದಕ್ಕೆ ಗಂಗಾವತಿ ಸಿಗುತ್ತದೆ.

ಒಬ್ಬರೇ ಇರುವುದರ ನಿಯಮಗಳು

ಹೊರಡುವ ಮುನ್ನ ಮನೆಯವರಲ್ಲಿ ಒಬ್ಬರಿಗೆ ದಾರಿಯನ್ನೂ ಮರಳುವ ವೇಳೆಯನ್ನೂ ಬರೆದು ಕಳಿಸಿ, ಆ ವೇಳೆ ಮೀರಿದರೆ ಏನು ಮಾಡಬೇಕೆಂಬುದನ್ನೂ ಹೇಳಿರಬೇಕು. ಮೊಬೈಲನ್ನು ಸಂಗೀತಕ್ಕೆ ಬಳಸಿ ಬ್ಯಾಟರಿ ಮುಗಿಸಬಾರದು. ಕಿವಿಗೆ ಇಯರ್‌ಫೋನು ಹಾಕಿಕೊಂಡು ಈ ರಸ್ತೆಯಲ್ಲಿ ಹೋಗುವುದಂತೂ ಶುದ್ಧ ಮೂರ್ಖತನ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಜೇಬಿನಲ್ಲಿ ರಕ್ತದ ಗುಂಪು ಮತ್ತು ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿ, ಐನೂರು ರೂಪಾಯಿ ನಗದು ಇರಲಿ. ಹೆಲ್ಮೆಟ್ ಬಗ್ಗೆ ವಾದಕ್ಕೆ ಜಾಗವಿಲ್ಲ.

ನಾಯಿಗಳು ಅಟ್ಟಿಸಿಕೊಂಡು ಬಂದರೆ ಓಡಿಸಿ ತಪ್ಪಿಸಿಕೊಳ್ಳುವೆನೆಂದು ಹೊರಡದೆ, ಇಳಿದು ಸೈಕಲ್ಲನ್ನು ನಿಮ್ಮ ಮತ್ತು ಅವುಗಳ ನಡುವೆ ಇರಿಸಿಕೊಂಡು ನಡೆಯಬೇಕು. ಚಕ್ರ ನಿಂತೊಡನೆ ಬಹುತೇಕ ನಾಯಿಗಳ ಆಸಕ್ತಿ ಮುಗಿಯುತ್ತದೆ. ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. 2020ರಲ್ಲಿ ಆನೆಗೊಂದಿ ಭಾಗದಲ್ಲಿ ಚಿರತೆಯ ದಾಳಿಯಿಂದ ಜೀವಹಾನಿಯೂ ಆಗಿದೆ. ಕತ್ತಲಿರುವಾಗ ಗುಡ್ಡದ ಭಾಗಕ್ಕೆ ತಲುಪದಂತೆ ಹೊರಡುವ ವೇಳೆಯನ್ನು ಹೊಂದಿಸಿಕೊಳ್ಳಬೇಕು, ಬಂಡೆಗಳ ಸಂದಿಗೆ ಒಬ್ಬರೇ ನುಸುಳಬಾರದು. ಸಂಜೆಯ ನಂತರ ಕಾಲುವೆಯ ಏರಿಯ ಮೇಲೆ ಉಳಿಯುವುದೂ ಬೇಡ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ರಾತ್ರಿ ನಡೆದ ಘೋರ ದುಷ್ಕೃತ್ಯವನ್ನು ಈ ಸೀಮೆಯವರು ಮರೆತಿಲ್ಲ. ಹಗಲಿನಲ್ಲಿ, ಗದ್ದೆಗಳಲ್ಲಿ ಜನರಿರುವ ಹೊತ್ತಿನಲ್ಲಿ, ಇದು ಮಾತನಾಡಿಸುವವರಿಗೆ ಕೊರತೆಯಿಲ್ಲದ ದಾರಿ. ಎಲ್ಲಿಂದ ಬಂದಿರಿ, ಸೈಕಲ್ಲಿಗೆ ಎಷ್ಟು ಕೊಟ್ಟಿರಿ, ಅಷ್ಟು ಕೊಟ್ಟಿದ್ದರೆ ಬೈಕೇ ಬರುತ್ತಿತ್ತಲ್ಲ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ.

ಗದ್ದೆಯ ಹಸಿರು ಸಾಕೆನಿಸಿದವರು ಕೊಪ್ಪಳದಿಂದ ಕಿನ್ನಾಳದ ಕಡೆಗೆ ಹೋಗಬಹುದು. ಹತ್ತು ಹನ್ನೆರಡು ಕಿಲೋಮೀಟರಿನ ಚಿಕ್ಕ ದಾರಿ, ಬಣ್ಣದ ಮರದ ಗೊಂಬೆಗಳನ್ನು ಮಾಡುವ ಕುಟುಂಬಗಳು ಅಲ್ಲಿವೆ. ದೂರ ತುಳಿಯುವ ಅಭ್ಯಾಸವಾದ ಮೇಲೆ ಕುಕನೂರನ್ನೂ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯವನ್ನೂ ನೋಡಿಬರಬಹುದು. ಆ ಕಡೆಯದು ಎರೆಯ ನೆಲ. ಮಳೆಯಾದ ಮರುದಿನ ಕಚ್ಚಾ ರಸ್ತೆಗೆ ಇಳಿದರೆ ಎರೆಮಣ್ಣು ಟೈರಿಗೂ ಬ್ರೇಕಿಗೂ ನಡುವೆ ತುಂಬಿಕೊಂಡು ಚಕ್ರವೇ ತಿರುಗುವುದಿಲ್ಲ, ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ.

ಮನೆ ಸೇರಿದ ಮೇಲೆ ಸ್ನಾನಕ್ಕಿಂತ ಮೊದಲು ಒಂದು ಕೆಲಸವಿದೆ. ಚಕ್ರಗಳನ್ನು ಬೆಳಕಿನಲ್ಲಿ ನಿಧಾನವಾಗಿ ತಿರುಗಿಸುತ್ತ ಟೈರಿನ ಮೈಯನ್ನು ನೋಡಿ, ಅರ್ಧ ಹೊಕ್ಕ ಜಾಲಿಮುಳ್ಳುಗಳನ್ನು ಚಿಮಟದಿಂದ ಕೀಳಬೇಕು. ದಾರಿಯುದ್ದಕ್ಕೂ ಸುಮ್ಮನಿದ್ದ ಮುಳ್ಳು ಮುಂದಿನ ಸವಾರಿಯ ಮೊದಲ ಕಿಲೋಮೀಟರಿನಲ್ಲಿ ಟ್ಯೂಬನ್ನು ಮುಟ್ಟುತ್ತದೆ. ಕಿತ್ತೊಡನೆ ಗಾಳಿ ಸುಯ್ಯೆಂದರೆ ಬೇಸರ ಬೇಡ. ತೇಪೆ ಹಾಕಲು ಮನೆಯ ನೆರಳು, ಬಕೆಟ್ಟಿನ ನೀರು, ಬಿಸಿ ಚಹಾ ಎಲ್ಲವೂ ಹತ್ತಿರದಲ್ಲಿಯೇ ಇವೆ.